ಪಟ್ಟಿ ಕಪ್ಪಾಗುವ ಹೊತ್ತು

ಮಲ್ಲಾಪುರ ಟೌನ್‌ಶಿಪ್ಪಿನ ಮೇಡಮ್ಮು
ಬದಲಿಯಾಗಿ ಹೋಗುವಾಗ ಗಾಜಿನ ಪೆಟ್ಟಿಗೆ ಕೊಟ್ಟು ಹೋದರು,
ಒಳಗೆ ಆರು ಏಂಜಲ್ ಮೀನು.
'ನಿಮಗೆ ಮೀನು ಗೊತ್ತಲ್ಲ ತುಳಸಾಬಾಯಿ' ಅಂದರು.
ಗೊತ್ತು.
ಕಿವಿರು ಎತ್ತಿದರೆ ಗೊತ್ತು ಎಷ್ಟು ದಿನದ್ದೆಂದು,
ಹೊಟ್ಟೆ ಒತ್ತಿದರೆ ಗೊತ್ತು ಎಷ್ಟು ಮಂಜುಗಡ್ಡೆ ಕಂಡಿದೆಯೆಂದು.
ಉಸಿರಾಡುವ ಮೀನಿನ ಸಂಗತಿ
ನನಗೇನು ಗೊತ್ತು?

ಪಾಪ್ಲೆಟ್ಟಿನ ಮರಿಗೆ ಯಾರೋ ಸೀರೆ ಉಡಿಸಿ
ಸೆರಗು ಉದ್ದ ಬಿಟ್ಟ ಹಾಗೆ ಇದ್ದವು.
ಏಂಜಲ್ ಅಂದರೆ ದೇವದೂತ, ಅಂದ ಕೋಡಿಬಾಗದ ಇನಾಸ.
ಮೂರನೇ ದಿನ ದೇವದೂತರಿಬ್ಬರು
ತುಟಿಗೆ ತುಟಿ ಕಚ್ಚಿ
ಪಂಪಿನ ಗುಳ್ಳೆಗಳ ನಡುವೆ ಗಿರಗಿರ ತಿರುಗಿದರು.
'ಮುದ್ದು ಮಾಡ್ತಿವೆ' ಅಂತ ನಕ್ಕಳು ಮೊಮ್ಮಗಳು ನಿಶ್ಮಿತಾ.
ಅಲ್ಲ ಮಗಾ,
ಅಷ್ಟು ಹೊತ್ತು ಯಾರೂ ಮುದ್ದು ಮಾಡುವುದಿಲ್ಲ,
ಅದೂ ಕಣ್ಣು ಮುಚ್ಚದೆ.

ಆಮೇಲೆ ಎರಡು ಜೋಡಿಯಾದವು. ಕೊಳವೆಗೆ ಮೊಟ್ಟೆ ಅಂಟಿಸಿದವು,
ಸಾಸಿವೆಗಿಂತ ಸಣ್ಣವು, ಸಾಲು ತಪ್ಪದೆ.
ಅಂದಿನಿಂದ ಅರ್ಧ ಪೆಟ್ಟಿಗೆ ಅವುಗಳದ್ದು.
ಉಳಿದ ನಾಲ್ಕು ಹೀಟರಿನ ಹಿಂದೆ,
ಸಂಜೆ ಬಸ್ಸಿನ ಹಿಂಬದಿಯವರಂತೆ ಒತ್ತಿ ನಿಂತವು.
ಒಂದರ ಸೆರಗು ಚಿಂದಿ.
ಎರಡು ದಿನ ಕಳೆದು, ಕಾವಲು ಕಾದವೇ
ಮೊಟ್ಟೆಗಳನ್ನೆಲ್ಲ ತಿಂದು ಮುಗಿಸಿದವು.
ಜಾಗ ಮಾತ್ರ ಬಿಡಲಿಲ್ಲ.

ಹಗಲಿಡೀ ಮೆಟ್ಟುಗತ್ತಿಯ ಮೇಲೆ ಬಂಗಡೆ ಸೀಳಿದ ಕೈ
ಸಂಜೆ ಲಿಂಬು ತಿಕ್ಕಿ ತೊಳೆದುಕೊಂಡು
ಚಿಂದಿ ಸೆರಗಿನದರ ಬಕೆಟ್ಟಿಗೆ ಚಿಟಿಕೆ ಉಪ್ಪು ಹಾಕಿತು,
ಗಾಯ ಮಾಯಲೆಂದು.
ಅದೇ ಸಾಣಿಕಟ್ಟೆ ಉಪ್ಪು,
ಅಂಗಳದಲ್ಲಿ ತಾರ್ಲೆ ಒಣಗಿಸುವಾಗ ಚೆಲ್ಲುವುದು.

'ಕಲ್ಲು, ಗಿಡ, ಕೊಳವೆ, ಎಲ್ಲ ಅದಲುಬದಲು ಮಾಡಿ' ಅಂದ ಇನಾಸ,
'ತಮ್ಮ ಜಾಗ ಯಾವುದೆಂದು ಮರೆತುಬಿಡುತ್ತವೆ.'
ನನಗೆ ನಗು ಬಂತು.
ಮಾರ್ಕೆಟ್ಟು ಕೆಡವಿ ಹೊಸದು ಕಟ್ಟಿದಾಗ
ನಮಗೂ ಹಾಗೇ ಅಂದಿದ್ದರು:
ಚೀಟಿ ಎತ್ತಿ, ಹಳೇ ಜಾಗ ಮರೆತುಬಿಡಿ.
ಬಿಳಿ ಟೈಲ್ಸು, ತಲೆಗೆ ಎರಡೂವರೆ ಅಡಿ.
ಮಧ್ಯಾಹ್ನದ ಹೊತ್ತಿಗೆ ಮಾಣಕುವಿನ ತುರುಬು ನನ್ನ ಕೈಯಲ್ಲಿ,
ನನ್ನದು ಅವಳ ಕೈಯಲ್ಲಿ.
ಗೇಣು ಜಾಗಕ್ಕೆ. ನಲ್ಲಿಯ ಹತ್ತಿರದ ಗೇಣು.
ಹನ್ನೊಂದು ವರ್ಷವಾಯಿತು, ಮಾತಿಲ್ಲ.
ಅವಳ ಬುಟ್ಟಿಯ ನೀರು ನನ್ನ ಕಡೆ ಹರಿಯುತ್ತದೆ,
ನನ್ನದು ಅವಳ ಕಡೆ. ಅಷ್ಟೆ.

ಆದರೂ ಕಲ್ಲು ಸರಿಸಿದೆ.
ದೀಪ ಆರಿಸಿ ಒಂದು ರಾತ್ರಿ ಗೋಣಿ ಹೊದೆಸಿದೆ.
ಬೆಳಿಗ್ಗೆ ಆರೂ ನಡುನೀರಲ್ಲಿ ನಿಂತಿದ್ದವು
ಬೇರೆಯವರ ಮದುವೆಗೆ ಬಂದವರಂತೆ.
ಎರಡು ದಿನ ಹಾಗೇ.
ಆಮೇಲೆ ಕೊಳವೆ ಎಲ್ಲಿತ್ತೋ ಅಲ್ಲಿಂದಲೇ ಹೊಸ ಗಡಿ.

ಹಳೇ ಬಲೆಯ ತುಂಡು ಕತ್ತರಿಸಿ ನಡುವೆ ಕಟ್ಟಿದೆ.
ಬಲೆಯ ಆಚೆಗೊಂದು ಈಚೆಗೊಂದು,
ಮೂಗಿಗೆ ಮೂಗು ಕೊಟ್ಟು
ಹಾಕಿದ ಊಟ ತಳಕ್ಕಿಳಿದರೂ ಕದಲಲಿಲ್ಲ.

ಕೊನೆಗೆ ದೊಡ್ಡದನ್ನೇ ಎತ್ತಿ ಇನಾಸನಿಗೆ ಕೊಟ್ಟು ಬಂದೆ.
ಒಂದು ಹಗಲು ಶಾಂತಿ.
ದೀಪ ಹಚ್ಚುವ ಹೊತ್ತಿಗೆ ನಿಶ್ಮಿತಾ ಕೂಗಿದಳು.
ಚಿಂದಿ ಸೆರಗಿನದು,
ನಾನು ಉಪ್ಪು ಹಾಕಿ ಬದುಕಿಸಿದ್ದು,
ಹೀಟರಿನ ಹಿಂದಿನಿಂದ ಹೊರಬಂದು
ಮೈಯ ಪಟ್ಟಿಗಳನ್ನು ಮಸಿ ಕಪ್ಪು ಮಾಡಿಕೊಂಡು
ಎಲ್ಲಕ್ಕಿಂತ ಸಣ್ಣದನ್ನು ಮೂಲೆಗೆ ಅಟ್ಟುತ್ತಿತ್ತು.
'ಇದನ್ನೂ ತೆಗೆಯೋದಾ ಅಜ್ಜೀ?'
ತೆಗೆಯುತ್ತ ಹೋದರೆ ಮಗಾ
ಪಂಪು ಒಂದೇ ಉಳಿದೀತು.

ಇವತ್ತು ಮಾಣಕು ಬರುವುದು ತಡವಾಯಿತು.
ಬೈತಖೋಲಕ್ಕೆ ಬೋಟು ತಡ, ಟೆಂಪೋ ತಡ.
ಅವಳ ಎರಡೂವರೆ ಅಡಿ ಖಾಲಿ ಇತ್ತು, ಒಣಗಿ ಬೆಳ್ಳಗೆ.
ನನ್ನ ಸೆಟ್ಲಿ ಬುಟ್ಟಿ,
ನಾನಾಗಿ ಸರಿಸಿದ್ದಲ್ಲ, ಗಿರಾಕಿಯ ಕಾಲು ತಾಗಿ,
ಗೇಣು ಅತ್ತ ಹೋಯಿತು.
ಅಲ್ಲೇ ಬಿಟ್ಟೆ.

ಅವಳು ಬಂದಳು. ನೋಡಿದಳು.
ಬುಟ್ಟಿ ಇಳಿಸಿ, ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡಳು.
ನನ್ನ ಪಟ್ಟಿ ಆಗ ಕಪ್ಪಾಗಿತ್ತೋ ಏನೋ,
ಗಾಜಿನ ಆಚೆ ನಿಂತವರು ಹೇಳಬೇಕು.